ಮೇಲಿನ ತುಟಿ

ಮೊನ್ನೆ ಮೊಮ್ಮಗನ ಹೆಂಡತಿ ಅಡುಗೆಮನೆಯಲ್ಲಿ ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಳು. ಹಳೆಯ ಬೆಲ್ಲ, ತೇವಕ್ಕೆ ಬೆವೆತು, ಅಂಚಿನಲ್ಲಿ ಕಪ್ಪಾಗಿ, ಸಣ್ಣಗೆ ಹುಳಿ ವಾಸನೆ ಹೊಡೆಯುತ್ತಿತ್ತು. ಒಂದು ಚೂರು ಮುರಿದು, ರಚ್ಚೆ ಹಿಡಿದಿದ್ದ ಮಗುವಿನ ಬಾಯಿಗಿಟ್ಟಳು. ಬೇಡ ಅಂದೆ. ಸಕ್ಕರೆ ಅಲ್ಲ ಅಜ್ಜಿ, ಬೆಲ್ಲ, ನ್ಯಾಚುರಲ್ ಅಂದಳು. ನಾನು ಮಗುವನ್ನು ಎತ್ತಿಕೊಂಡು ಬಚ್ಚಲಿಗೆ ಹೋಗಿ, ಬಾಯಿಗೆ ಬೆರಳು ಹಾಕಿ, ಆ ಚೂರನ್ನು ಕೆದಕಿ ತೆಗೆದೆ. ಮಗು ಕಿರುಚಿತು. ಹುಡುಗಿ ಒಳ್ಳೆಯವಳು, ಓದಿದವಳು. ಆದರೂ ಆವತ್ತು ಸಂಜೆಯವರೆಗೆ ನನ್ನ ಮುಖ ನೋಡಲಿಲ್ಲ. ಅವಳಿಗೆ ಏನಂತ ಹೇಳಲಿ... ಬೆಲ್ಲ, ನಶ್ಯ, ದನದ ಬೆವರು, ಈ ಮೂರೂ ಸೇರಿದ ವಾಸನೆ ನಮ್ಮ ದೊಡ್ಡಪ್ಪನ ಕೋಟಿನದು. ಅಷ್ಟು ವರ್ಷವಾದ ಮೇಲೆ ಅದು ನನ್ನ ಅಡುಗೆಮನೆಗೆ ಬಂದು ನಿಂತಿತ್ತು.

ದೊಡ್ಡಪ್ಪ ಅಂದರೆ ನಮ್ಮ ಅಪ್ಪನ ಅಣ್ಣ. ಅಜ್ಜಂಪುರದ ನಮ್ಮ ಕೂಡುಮನೆಯ ಯಜಮಾನರು. ಮಹಾರಾಜರ ಕಾಲ; ಜರ್ಮನಿಯ ಯುದ್ಧದ ಸುದ್ದಿ ರೈಲಿನಲ್ಲಿ ಬರುತ್ತಿದ್ದ ವರ್ಷಗಳು. ಮನೆಗೆ ಹೊಲ ಇತ್ತು, ತೆಂಗಿನ ತೋಟ ಇತ್ತು, ಆದರೆ ದೊಡ್ಡಪ್ಪನ ಹೆಸರು ನಡೆಯುತ್ತಿದ್ದದ್ದು ದನದ ದಲ್ಲಾಳಿಯಾಗಿ. ಕಡೂರಿನಿಂದ ತರೀಕೆರೆಯವರೆಗೆ ಯಾವ ಸಂತೆಯಲ್ಲಿ ಒಂದು ಜೋಡಿ ಎತ್ತು ಕೈಬದಲಾಗಬೇಕಾದರೂ ಅವರು ಬಾಯಿ ನೋಡಬೇಕಿತ್ತು. ಕೋಟಿನ ಜೇಬಿನಿಂದ ಬೆಲ್ಲದ ಚೂರು ತೆಗೆದು ಎತ್ತಿಗೆ ನೆಕ್ಕಿಸಿ, ಅದು ಮೈಮರೆತಾಗ ಹೆಬ್ಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಕೆಳದುಟಿಯನ್ನು ಕೆಳಕ್ಕೆ ಎಳೆಯುತ್ತಿದ್ದರು. ಒಂದೇ ನೋಟ. ಎರಡಲ್ಲು, ನಾಲ್ಕಲ್ಲು, ಆರಲ್ಲು, ಬಾಯ್ಗೂಡೈತೆ... ಅಷ್ಟೇ ಮಾತು. ಕರುವಿನ ಹಾಲುಹಲ್ಲು ಉದುರಿ ದೊಡ್ಡ ಹಲ್ಲು ಜೋಡಿ ಜೋಡಿಯಾಗಿ ಬರುತ್ತದೆ; ಎಂಟೂ ಬಂದರೆ ಬಾಯ್ಗೂಡಿತು, ಪ್ರಾಯ ತುಂಬಿತು ಅಂತ. ಹಲ್ಲಿನ ಮೇಲೆ ವಯಸ್ಸು, ವಯಸ್ಸಿನ ಮೇಲೆ ಬೆಲೆ. ದನಕ್ಕೆ ಮೇಲಿನ ಸಾಲಿನಲ್ಲಿ ಮುಂಭಾಗದ ಹಲ್ಲೇ ಇರುವುದಿಲ್ಲ, ಬರೀ ಒಸಡು. ಹಾಗಾಗಿ ಆ ಕಸುಬಿನವರು ಯಾರೂ ಮೇಲಿನ ತುಟಿ ಎತ್ತಿ ನೋಡುವುದಿಲ್ಲ. ನೋಡುವುದಕ್ಕೆ ಅಲ್ಲಿ ಏನೂ ಇಲ್ಲ.

ಮನುಷ್ಯರನ್ನೂ ಅವರು ಹಾಗೇ ನೋಡುತ್ತಿದ್ದರು. ತಮ್ಮ ಮಗನಿಗೆ ಹೆಣ್ಣು ನೋಡಲು ಯಗಟಿಗೆ ಹೋದಾಗ, ಹುಡುಗಿ ತಟ್ಟೆ ಹಿಡಿದು ಬಂದು ನಿಂತಿದ್ದಳಂತೆ. ಅವಳ ತಂದೆ ಹನ್ನೆರಡು ತುಂಬಿದೆ ಅಂದರು. ದೊಡ್ಡಪ್ಪ ಹುಡುಗಿಯನ್ನು ನಗಿಸಿದರು, ಏನೋ ತಮಾಷೆ ಮಾಡಿ. ಅವಳು ನಕ್ಕಳು. "ಹನ್ನೆರಡಾ? ಬಾಯ್ಗೂಡಿದಂಗೈತಲ್ಲಪ್ಪ" ಅಂದು ಎದ್ದು ಬಂದರು. ಆ ಮಾತು ನಮ್ಮ ಜಗಲಿಯಲ್ಲಿ ವರ್ಷಗಟ್ಟಲೆ ನಗೆಗೆ ಬಂತು. ಆ ಹುಡುಗಿಗೆ ಬಾಯ್ಗೂಡಿದೋಳು ಅಂತಲೇ ಹೆಸರು ಉಳಿಯಿತು ಅಂತ ಆಮೇಲೆ ಯಾರೋ ಹೇಳಿದರು.

ನನಗೊಬ್ಬಳು ತಂಗಿ ಇದ್ದಳು. ಸಣ್ಣಿ ಅಂತ ಕರೆಯುತ್ತಿದ್ದೆವು. ನನಗಿಂತ ತುಂಬ ಚಿಕ್ಕವಳು, ಸೊರಗಿದ ಕೂಸು, ಸದಾ ಅಳು. ಅಪ್ಪ ಬೀರೂರು ಜಂಕ್ಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರಾಗಿದ್ದು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವ್ವ ಬೆಳಗಿನಿಂದ ಕೂಡುಮನೆಯ ಕೆಲಸಕ್ಕೆ ಸಿಕ್ಕಿದವಳು. ಅಳುವ ಮಗು ಅಂದರೆ ದೊಡ್ಡಪ್ಪನಿಗೆ ಆಗದು. ಎತ್ತನ್ನು ಸುಮ್ಮನಾಗಿಸುವ ವಿದ್ಯೆ ಅವರ ಜೇಬಿನಲ್ಲೇ ಇತ್ತು. ಸಣ್ಣಿ ಬಾಯಿ ತೆರೆದರೆ ಸಾಕು, ಒಂದು ಚೂರು ಬೆಲ್ಲ. ಮಲಗಿಸುವಾಗಲೂ ಒಂದು, ಅದನ್ನು ಮೇಲಿನ ಒಸಡಿಗೂ ತುಟಿಗೂ ನಡುವೆ ಒತ್ತಿಡುತ್ತಿದ್ದರು, ನಿಧಾನಕ್ಕೆ ಕರಗಲಿ ಅಂತ. ಅದನ್ನು ಚೀಪುತ್ತ ಚೀಪುತ್ತ ಕೂಸು ನಿದ್ದೆ ಹೋಗುತ್ತಿತ್ತು. ಆ ಮನೆಯಲ್ಲಿ ಅವರು ಪ್ರೀತಿ ಅಂತ ತೋರಿಸಿದ್ದು ಅದೊಂದೇ. ಬೇರೆ ಮಕ್ಕಳಿಗೆ ಆ ಜೇಬಿಗೆ ಕೈ ಹಾಕುವ ಧೈರ್ಯ ಇರಲಿಲ್ಲ.

ನನ್ನನ್ನು ಅಪ್ಪ ಬೆಂಗಳೂರಿನ ಕಾನ್ವೆಂಟಿಗೆ ಹಾಕಿದ್ದರು. ಆಫೀಸಿನ ದೊರೆ ಕೊಟ್ಟ ಸಲಹೆ. ದೊಡ್ಡಪ್ಪ ಅದಕ್ಕೆ ಒಪ್ಪಿದ್ದು, ಕುರಿಮರಿಗೆ ಕೋಡು ಬಂದರೆ ಬರಲಿ ಬಿಡು ಅಂತ ನಕ್ಕು. ಅಲ್ಲಿ ಹೈಜೀನ್ ಕ್ಲಾಸಿಗೆ ಬರುತ್ತಿದ್ದ ಮದರ್ ಕೂಡ ಮೃದುವಾದವರೇನಲ್ಲ. ಸಾಲಾಗಿ ನಿಲ್ಲಿಸಿ, ಚಮಚದ ಹಿಡಿಯಿಂದ ಒಬ್ಬೊಬ್ಬರದೂ ಮೇಲಿನ ತುಟಿ ಎತ್ತುತ್ತಿದ್ದರು. ಹುಳುಕು ಕಂಡವಳು ಕ್ಲಾಸು ಮುಗಿಯುವವರೆಗೆ ಬೆಂಚಿನ ಮೇಲೆ ನಿಲ್ಲಬೇಕು. ಆದರೆ ಹೇಳಿಕೊಟ್ಟದ್ದು ಮರೆತಿಲ್ಲ. ಕೆಳಗಿನ ಮುಂದಿನ ಹಲ್ಲನ್ನು ನಂಬಬೇಡಿ, ಅದನ್ನು ನಾಲಿಗೆ ಮುಚ್ಚಿಕೊಂಡು ಕಾಯುತ್ತದೆ, ಎಂಜಲು ತೊಳೆಯುತ್ತದೆ. ಮೊದಲು ಕೆಡುವುದು ಮೇಲಿನದು. ಒಸಡಿನ ಅಂಚಿಗೆ ಸುಣ್ಣದಲ್ಲಿ ಎಳೆದಂಥ ಒಂದು ಬಿಳಿ ಗೆರೆ ಕಂಡರೆ ಅದೇ ಶುರು. ಆಗ ಸಿಹಿ ನಿಲ್ಲಿಸಿ ಉಜ್ಜಿದರೆ ಉಳಿಯುತ್ತದೆ. ಗೆರೆ ಹಳದಿಯಾಗಿ, ಕಂದಾಗಿ, ಗುಳಿಬಿದ್ದ ಮೇಲೆ ಹಲ್ಲು ತನ್ನಷ್ಟಕ್ಕೆ ವಾಸಿಯಾಗುವುದಿಲ್ಲ. ಒಸಡಿನ ಮೇಲೆ ಕೀವಿನ ಮೊಡವೆ ಎದ್ದರೆ ಬೇರಿಗೇ ಹೋಗಿದೆ ಅಂತ. ಆಮೇಲೆ ಒಂದು ದಿನವೂ ಕಾಯಬಾರದು. ಮಗು ಬಾಯಲ್ಲಿ ಸಿಹಿ ಇಟ್ಟುಕೊಂಡು ಮಲಗಬಾರದು. ಮೊದಲ ಹಲ್ಲು ಬಂದ ದಿನದಿಂದಲೇ ಒದ್ದೆ ಬಟ್ಟೆಯನ್ನು ಬೆರಳಿಗೆ ಸುತ್ತಿ ಒರೆಸಬೇಕು. ಹುಳ ಅಲ್ಲ, ಡಿಕೇ, ಅಂದರೆ ಕೊಳೆಯುವುದು. ಮದರ್ ಬೋರ್ಡಿನ ಮೇಲೆ ಆ ಪದ ಬರೆದು ಕೆಳಗೆ ಗೆರೆ ಎಳೆದಿದ್ದರು. ಕನ್ನಡದಲ್ಲಿ ಹುಳುಕು ಅಂತ ಒಂದು ಮಾತಿರುವುದರಿಂದ ನಮ್ಮ ಹುಡುಗಿಯರೆಲ್ಲ ಹುಳವನ್ನೇ ಹುಡುಕುತ್ತಾರೆ ಅಂತ ಅವರಿಗೆ ಸಿಟ್ಟು.

ಬೇಸಿಗೆಯ ರಜಕ್ಕೆ ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಸಣ್ಣಿಯ ಮೇಲಿನ ತುಟಿ ಎತ್ತಿದ್ದು. ಅವಳಿಗೆ ಆಗ ಮೂರು ದಾಟಿತ್ತು. ಕೆಳಗಿನ ಮುಂದಿನ ಸಾಲು ಮಲ್ಲಿಗೆ ಮೊಗ್ಗಿನ ಹಾಗಿತ್ತು. ಮೇಲಿನ ನಾಲ್ಕೂ ಅರ್ಧಕ್ಕೆ ಸವೆದು, ಸುಟ್ಟ ಕಡಲೆಬೀಜದ ಬಣ್ಣಕ್ಕೆ ತಿರುಗಿದ್ದವು. ಕೆಳಗೆ, ಹಿಂದಿನ ದವಡೆ ಹಲ್ಲಿನಲ್ಲಿ ಗುಳಿ. ಅವ್ವನನ್ನು ಕರೆದು ತೋರಿಸಿದೆ. ಅವ್ವ ತುಂಬ ಹೊತ್ತು ನೋಡಿದಳು. ತನ್ನ ಮಗಳ ಬಾಯನ್ನು ಅವಳು ಬೆಳಕಿನಲ್ಲಿ ನೋಡಿದ್ದು ಅದೇ ಮೊದಲಿರಬೇಕು. ಆವತ್ತಿನಿಂದ ದಿನಾ ಹಿತ್ತಲಿನಲ್ಲಿ ಒದ್ದೆ ಬಟ್ಟೆಗೆ ಚೂರು ಉಪ್ಪು ಸೋಕಿಸಿ ಒರೆಸಲು ಶುರು ಮಾಡಿದಳು. ಸಣ್ಣಿ ಅತ್ತಳು. ಆ ಅಳು ಜಗಲಿಗೆ ಕೇಳಿಸಿತು.

ದೊಡ್ಡಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸಣ್ಣಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹೆಬ್ಬೆರಳಿನಿಂದ ಕೆಳದುಟಿ ಎಳೆದು, ಜಗಲಿಯಲ್ಲಿದ್ದವರಿಗೆಲ್ಲ ತೋರಿಸಿದರು. ಇದರಲ್ಲಿ ಏನು ಕೆಟ್ಟಿದೆ ಹೇಳ್ರಪ್ಪ ಅಂದರು. ಏನೂ ಕೆಟ್ಟಿರಲಿಲ್ಲ. ನಾನು ಮೇಲೆ ನೋಡಿ ದೊಡ್ಡಪ್ಪ, ಡಿಕೇ ಆಗಿದೆ ಅಂದೆ. ಅವರು ಕೊಟ್ಟಿಗೆಯಿಂದ ಒಂದು ಹಾಲುಗರು, ಒಂದು ಎರಡಲ್ಲಿನ ಕಡಸು, ಎರಡನ್ನೂ ಹಿಡಿದು ತರಿಸಿದರು.

"ಇದು ಹಾಲಲ್ಲು. ಉದುರ್ತು. ಇದು ಬಂತು. ಉದುರೋದನ್ನ ಉಪ್ಪಾಕಿ ತಿಕ್ತಾಳಂತೆ ಇವ್ಳವ್ವ. ನಿಮ್ಮ ಮದರು ಎಷ್ಟು ಕರ ಸಾಕವ್ಳೆ ಕೂಸೆ?"

ನಗೆ ಎದ್ದಿತು. ಕರುವಿಗೆ ಹುಲ್ಲು ಹಾಕ್ತೀರ, ಬಾಯಲ್ಲಿ ಬೆಲ್ಲ ಇಟ್ಟು ಮಲಗಿಸಲ್ಲ ಅಂತ ನನಗೆ ಹೇಳಬೇಕಿತ್ತು. ಅದು ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ... ಆವತ್ತಿನಿಂದ ನನ್ನ ಹೆಸರು ಡಿಕ್ಕಿ. ಡಿಕೇ ಅಂದದ್ದನ್ನು ಅವರು ತಿರುಚಿ, ಹಾಯುವ ಹಸುವಿಗೆ ಅನ್ನುವ ಹಾಗೆ ಮಾಡಿಕೊಂಡರು. ಡಿಕ್ಕಿ ಬಂದ್ಲು, ದಾರಿ ಬಿಡ್ರಪ್ಪ. ಅವ್ವನ ಒದ್ದೆ ಬಟ್ಟೆ ನಿಂತಿತು. ಯಾರೂ ನಿಲ್ಲಿಸು ಅನ್ನಲಿಲ್ಲ. ಆದರೆ ಅವಳು ಹಿತ್ತಲಿಗೆ ಹೊರಟಾಗಲೆಲ್ಲ ಯಾರಾದರೂ ಕರು ತೊಳೆಯೋಕೆ ಹೊರಟ್ಯಾ ಅನ್ನೋರು.

ಕ್ರಿಸ್‌ಮಸ್ ಹಾಲಿಡೇಸಿಗೆ ಬಂದಾಗ ಸಣ್ಣಿಯ ಒಸಡಿನ ಮೇಲೆ, ಹಿಂದಿನ ದವಡೆ ಹಲ್ಲಿನ ಬುಡದಲ್ಲಿ, ಒಂದು ಮೊಡವೆ ಎದ್ದಿತ್ತು. ತುದಿಯಲ್ಲಿ ಹಳದಿ. ರಾಗಿ ಕಾಳಿನಷ್ಟು. ಅದು ಒಡೆದಾಗ ನೋವು ಇಳಿಯುತ್ತಿತ್ತು, ಮನೆಯವರು ಉಷ್ಣ ಇಳಿಯಿತು ಅನ್ನುತ್ತಿದ್ದರು. ಆಮೇಲೆ ಮತ್ತೆ ಏಳುತ್ತಿತ್ತು. ಅವಳು ಒಂದೇ ಪಕ್ಕಕ್ಕೆ ಅಗಿಯುವುದನ್ನು ಕಲಿತಿದ್ದಳು. ಬಾಯಿಂದ ವಾಸನೆ ಬರುತ್ತಿತ್ತು. ಮನೆಯ ಬೇರೆ ಮಕ್ಕಳು ಮೂಗು ಮುಚ್ಚಿಕೊಂಡು ಓಡುವುದನ್ನು ಆಟ ಮಾಡಿಕೊಂಡಿದ್ದರು. ಅವಳೂ ಅದನ್ನು ಆಟ ಅಂತಲೇ ತಿಳಿದು ಅವರ ಹಿಂದೆ ಓಡುತ್ತಿದ್ದಳು.

ಅಪ್ಪನಿಗೆ ನಾನು ಹೇಳಿದೆ. ಅಪ್ಪ ಧೈರ್ಯವಂತರಲ್ಲ, ಆದರೆ ಆವತ್ತು ಸಣ್ಣಿಯನ್ನು ನನ್ನ ಜೊತೆ ರೈಲಿನಲ್ಲಿ ಬೀರೂರಿಗೆ ಕರೆದುಕೊಂಡು ಹೋದರು. ರೈಲ್ವೆ ಡಾಕ್ಟರು ಆಂಗ್ಲೋ ಇಂಡಿಯನ್, ವಯಸ್ಸಾದವರು. ಅವರು ಮೊದಲು ಎತ್ತಿದ್ದು ಮೇಲಿನ ತುಟಿ. ಆಮೇಲೆ ದವಡೆಯ ಮೊಡವೆಯನ್ನು ನೋಡಿ, ಆಬ್ಸೆಸ್, ಬೇರಿನಲ್ಲಿ ಕೀವು ಕಟ್ಟಿದೆ ಅಂದರು. ಎರಡು ಹಲ್ಲು ಕೀಳಬೇಕು, ಇವತ್ತೇ ಆದರೂ ಸರಿ. ಬಿಟ್ಟರೆ ಕೀವು ದವಡೆ ಬಿಟ್ಟು ಕುತ್ತಿಗೆಗೆ ಇಳಿಯುತ್ತದೆ. ಅಪ್ಪ ಅಣ್ಣನ ಒಪ್ಪಿಗೆ ಕೇಳಿಕೊಂಡು ಬರುತ್ತೇನೆ ಅಂದರು. ಡಾಕ್ಟರು ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿದರು.

ದೊಡ್ಡಪ್ಪ ಆವತ್ತು ಊಟ ಮುಗಿಸಿ ಜಗಲಿಯಲ್ಲಿ ಎಲೆ ಅಡಿಕೆ ಹಾಕುತ್ತಿದ್ದರು. ಅಪ್ಪ ಕಂಬಕ್ಕೆ ಒರಗಿ ನಿಂತು ಹೇಳಿದರು. ಇಲ್ಲಿ ಒಂದು ಮಾತು ಹೇಳಬೇಕು. ದನದ ಸಂತೆಯಲ್ಲಿ ಎಲ್ಲಕ್ಕಿಂತ ನೀಚವಾದ ಮೋಸ ಒಂದಿತ್ತು. ಎಳೆ ಹೋರಿಯ ಹಾಲುಹಲ್ಲನ್ನು ಇಕ್ಕಳ ಹಾಕಿ ಕಿತ್ತು, ಅಗೋ ಉದುರಿದೆ, ಎರಡಲ್ಲು ಬರುತ್ತಿದೆ, ನೊಗಕ್ಕೆ ಬಂತು ಅಂತ ಮಾರುವುದು. ಹಾಗೆ ಮಾಡಿದವನೊಬ್ಬನನ್ನು ದೊಡ್ಡಪ್ಪ ತರೀಕೆರೆ ಸಂತೆಯಲ್ಲಿ ಹಿಡಿದು, ಅವನ ಬಾಯಿಗೇ ಇಕ್ಕಳ ತುರುಕಿ ಸಂತೆ ಸುತ್ತಿಸಿದ್ದರು. ಅವರ ಮರ್ಯಾದೆ ಅಷ್ಟೂ ಆ ಒಂದು ದಿನದ ಮೇಲೆ ನಿಂತಿತ್ತು.

"ಹಾಲಲ್ಲು ಕೀಳೋರು ಯಾರು?" ಅಂತ ಕೇಳಿದರು.

ಅಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತರು.

"ನಿನ್ ಬಾಯಲ್ಲೇ ಹೇಳು."

"ಕಳ್ಳ ದಲ್ಲಾಳಿಗಳು, ಅಣ್ಣಯ್ಯ."

"ನಮ್ಮನೆ ಕೂಸಿನ ಹಾಲಲ್ಲು ಕೀಳಿಸ್ಕಂಡು ಬಂದು ಜಗಲೀಲಿ ಕೂರ್ಸು. ನಾಳೆ ಸಂತೇಲಿ ನಾನು ಯಾವ ಬಾಯಿಗೆ ಕೈಹಾಕ್ಲಿ?"

ಅಷ್ಟೇ. ಅಪ್ಪ ಒಳಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಅವ್ವ ಬಾಗಿಲ ಹಿಂದೆ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ನೀರು ಬೇಕಾ ಅಂದಳು.

ಮುಂದಿನ ಬೇಸಿಗೆ. ನಾನು ರಜಕ್ಕೆ ಬಂದ ವಾರದಲ್ಲೇ ಸಣ್ಣಿಗೆ ಜ್ವರ ಬಂತು. ಬೆಳಿಗ್ಗೆ ದವಡೆ ಬಾತಿತ್ತು, ಮರುದಿನ ಗದ್ದದ ಕೆಳಗೆಲ್ಲ ಹಲಗೆಯ ಹಾಗೆ ಗಟ್ಟಿಯಾಗಿ ಊದಿತ್ತು. ನಾಲಿಗೆ ಮೇಲಕ್ಕೆ ಎದ್ದು ಬಾಯಿ ಮುಚ್ಚಲಾಗುತ್ತಿರಲಿಲ್ಲ. ಎಂಜಲು ನುಂಗಲಾರದೆ ಸುರಿಸುತ್ತಿದ್ದಳು. ದೊಡ್ಡಪ್ಪ ಕೈ ಒತ್ತಿ ನೋಡಿ, ಗಳಲೆ ಅಂದರು. ದನಕ್ಕೆ ಗಂಟಲು ಬಾತು ಉಸಿರು ಕಟ್ಟುತ್ತದಲ್ಲ, ಆ ರೋಗ. ಅದಕ್ಕೆ ಅವರ ಔಷಧ ಬರೆ. ಕೂಸು ಅಂತ ಕಬ್ಬಿಣ ಬೇಡ ಅಂದರು. ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿದರು. ಅದು ಅವರ ದಯೆ. ಅವ್ವನಿಗೆ ಕೂಸಿನ ಕೈ ಹಿಡಿದುಕೋ ಅಂದರು, ಅವ್ವ ಹಿಡಿದುಕೊಂಡಳು. ಕುತ್ತಿಗೆಯ ಎರಡೂ ಪಕ್ಕ ಹಾಕಿದರು. ಸಣ್ಣಿಗೆ ಕಿರುಚುವುದಕ್ಕೂ ಆಗಲಿಲ್ಲ. ನಾಲಿಗೆ ಅಡ್ಡ ಇತ್ತು. ಒಂದು ಥರ ನೀರು ಕುದಿಯುವ ಸದ್ದು ಬಂತು, ಅಷ್ಟೆ...

ಸುದ್ದಿ ತಲುಪಿ ಅಪ್ಪ ಬೆಳಗಿನ ಗಾಡಿಗೆ ಬಂದರು. ಆವತ್ತು ಅವರು ಯಾರನ್ನೂ ಕೇಳಲಿಲ್ಲ. ಜಗಲಿಯಲ್ಲಿ ದೊಡ್ಡಪ್ಪ ಕೂತಿದ್ದರು, ಅವರನ್ನು ದಾಟಿಕೊಂಡು ಸಣ್ಣಿಯನ್ನು ಎತ್ತಿಕೊಂಡು ಹೊರಟರು. ಹಿಂದೆ ಅವ್ವ, ನಾನು. ರೈಲಿನಲ್ಲಿ ಅವಳನ್ನು ಮಲಗಿಸಲು ಆಗುತ್ತಿರಲಿಲ್ಲ, ಮಲಗಿಸಿದರೆ ಉಸಿರು ನಿಲ್ಲುತ್ತಿತ್ತು. ಅವ್ವನ ತೊಡೆಯ ಮೇಲೆ ಕೂತು, ಕತ್ತು ಮುಂದೆ ಚಾಚಿ, ಒಂದೊಂದೇ ಉಸಿರನ್ನು ಎಳೆದುಕೊಳ್ಳುತ್ತಿದ್ದಳು. ಎದುರು ಬೆಂಚಿನಲ್ಲಿ ತೆಂಗಿನಕಾಯಿ ಚೀಲ ಇಟ್ಟುಕೊಂಡ ಹೆಂಗಸೊಬ್ಬಳು ಮಗುವಿಗೆ ಏನಾಗಿದೆ ಅಂದಳು. ಅವ್ವ ಹಲ್ಲು ನೋವು ಅಂದಳು. ಬೀರೂರಿನ ಸಿಗ್ನಲ್ಲಿನ ಕೈಕಂಬ ಕಾಣುವ ಹೊತ್ತಿಗೆ ಸಣ್ಣಿ ಉಸಿರು ಎಳೆದುಕೊಳ್ಳುವುದನ್ನು ಬಿಟ್ಟಿದ್ದಳು.

ಆದರೂ ಅಪ್ಪ ಅವಳನ್ನು ಡಾಕ್ಟರ ಮೇಜಿನ ಮೇಲೆ ಮಲಗಿಸಿದರು. ಡಾಕ್ಟರು ಕುತ್ತಿಗೆಯ ಬರೆ ನೋಡಿದರು, ಬಾಯಿ ನೋಡಿದರು. "ಆಲ್ ದಿಸ್ ಫಾರ್ ಎ ಮಿಲ್ಕ್ ಟೂತ್" ಅಂದರು, ಯಾರಿಗೂ ಅಲ್ಲದ ಹಾಗೆ. ಅಪ್ಪನಿಗೆ ಅರ್ಥವಾಗಿ ಗೋಡೆಯ ಕಡೆ ತಿರುಗಿದರು. ಅವ್ವ ನನ್ನನ್ನು ಕೇಳಿದಳು, ಏನಂದ್ರು ಅಂತ. ಇಷ್ಟೆಲ್ಲ ಒಂದು ಹಾಲುಹಲ್ಲಿಗೆ ಅಂದ್ರು ಅವ್ವ, ಅಂದೆ. ಅವ್ವ ತಲೆ ಆಡಿಸಿದಳು. ಅಲ್ಲಿದ್ದ ಹೂಜಿಯಿಂದ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬೆರಳಿಗೆ ಸುತ್ತಿದಳು. ಸಣ್ಣಿಯ ಮೇಲಿನ ತುಟಿ ಎತ್ತಿ, ಆ ಕರಿ ಮೊಟಕುಗಳನ್ನು ಒಂದೊಂದಾಗಿ ಒರೆಸಿದಳು. ಹಿಂದಿನದನ್ನೂ ಒರೆಸಿದಳು. ಯಾವ ಆತುರವೂ ಇರಲಿಲ್ಲ. ಈ ಸಲ ಸಣ್ಣಿ ಅಳಲಿಲ್ಲ.

ತೋಟದ ಅಂಚಿನಲ್ಲಿ ಹೂಳಿದರು. ದೊಡ್ಡಪ್ಪ ಮಣ್ಣು ಹಾಕಿ ಬಂದು ಕಾಲು ತೊಳೆದರು. ಗಳಲೆ, ಕರಗಳೂ ಹಿಂಗೇ ಹೋಯ್ತವೆ ಅಂದರು. ಆ ವಾರದ ಸಂತೆಯನ್ನೂ ಅವರು ತಪ್ಪಿಸಲಿಲ್ಲ.

ಆಮೇಲೆ ಒಂದು ವರ್ಷವೋ ಎರಡೋ ಕಳೆದಿರಬೇಕು, ಅವರ ಮಗನಿಗೆ ಮಗು ಹುಟ್ಟಿ ಹಲ್ಲು ಬರುತ್ತಿದ್ದ ಕಾಲ. ನಾನು ರಜದಲ್ಲಿ ಹಿತ್ತಲಲ್ಲಿ ಕೂತಿದ್ದೆ. ದೊಡ್ಡಪ್ಪ ಬಂದು ನಿಂತರು.

"ಲೇ ಡಿಕ್ಕಿ. ಅವತ್ತು ಎಲ್ಲಿ ನೋಡ್ಬೇಕು ಅಂದಿದ್ದೆ?"

ನಾನು ನನ್ನ ಮೇಲಿನ ತುಟಿಯನ್ನು ಎರಡು ಬೆರಳಲ್ಲಿ ಎತ್ತಿ ತೋರಿಸಿದೆ. ಅವರು ಬಗ್ಗಿ ನೋಡಿದರು. ಎತ್ತಿನ ಬಾಯಿಗೆ ಕೊಡದಷ್ಟು ಹೊತ್ತು ಕೊಟ್ಟರು. ಹೂಂ ಅಂದು ಹೋದರು.

ಅವತ್ತಿನಿಂದ ಆ ಮನೆಯ ಮಕ್ಕಳಿಗೆ ಬೆಳಗಾದರೆ ನಡುಕ. ಹಲ್ಲು ಬಂದ ಪ್ರತಿಯೊಂದು ಮಗುವೂ ದೊಡ್ಡಪ್ಪನ ಮುಂದೆ ನಿಂತು ತಾನೇ ತುಟಿ ಎತ್ತಬೇಕು. ಇದ್ದಿಲ ಪುಡಿ, ಉಪ್ಪು, ಆ ಒರಟು ಬೆರಳು, ಒಸಡು ಕೆಂಪಾಗುವವರೆಗೆ. ಮಲಗುವ ಮುಂಚೆ ಬಾಯಿ ಮುಕ್ಕಳಿಸದವರಿಗೆ ಬಾಸುಂಡೆ. ಯುಗಾದಿಯ ಒಬ್ಬಟ್ಟನ್ನು ಕದ್ದು ಹಾಸಿಗೆಗೆ ಒಯ್ದ ಮೊಮ್ಮಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದರು. ಅವರ ಕೋಟಿನ ಜೇಬಿನ ಬೆಲ್ಲ ಎತ್ತುಗಳಿಗೆ ಮಾತ್ರ ಉಳಿಯಿತು. ಇದನ್ನು ನಾನು ಒಪ್ಪಲೇಬೇಕು: ಆ ಮನೆಯಲ್ಲಿ ಮತ್ತೆ ಒಂದು ಮಗುವಿನ ಹಲ್ಲೂ ಕೆಡಲಿಲ್ಲ. ಆ ಮಕ್ಕಳಲ್ಲಿ ಒಬ್ಬರೂ ಅವರನ್ನು ಪ್ರೀತಿಸಲಿಲ್ಲ. ಸಣ್ಣಿಯ ಹೆಸರನ್ನು ಅವರು ಒಂದು ದಿನವೂ ಎತ್ತಲಿಲ್ಲ.

ವಯಸ್ಸಾದಂತೆ ಅವರ ಹಲ್ಲು ಒಂದೊಂದಾಗಿ ಉದುರಿದವು. ದೊಡ್ಡಮ್ಮ ತೀರಿಕೊಂಡ ಮೇಲೆ ಅಡುಗೆಮನೆ ಅವ್ವನ ಕೈಗೆ ಬಂದಿತ್ತು. ನಾನು ಮದುವೆಯಾಗಿ ಹೋದವಳು ತವರಿಗೆ ಬಂದಾಗ ನೋಡುತ್ತಿದ್ದೆ. ಎಲ್ಲರ ತಟ್ಟೆಗೂ ಬಿಸಿ ಮುದ್ದೆ ಬೀಳುತ್ತಿತ್ತು. ದೊಡ್ಡಪ್ಪನ ತಟ್ಟೆಗೆ ನೆನ್ನೆಯ ರಾಗಿ ರೊಟ್ಟಿ, ಅರೆಬೆಂದ ಹುರುಳಿಕಾಳು. ಮುದ್ದೆ ಮುಗಿದೋಯ್ತು ಅಂತ ಹೇಳು ನಿಮ್ಮ ದೊಡ್ಡಪ್ಪಂಗೆ, ಅನ್ನುತ್ತಿದ್ದಳು ಅವ್ವ. ಭಾವನ ಎದುರು ಮಾತಾಡುವ ರೂಢಿ ಅವಳಿಗಿರಲಿಲ್ಲ. ಅವರು ರೊಟ್ಟಿಯನ್ನು ಚೂರು ಮಾಡಿ ಚೊಂಬಿನ ನೀರಿನಲ್ಲಿ ನೆನೆಸಿ ನುಂಗುತ್ತಿದ್ದರು. ಒಂದು ದಿನವೂ ಮುದ್ದೆ ಕೇಳಲಿಲ್ಲ. ಅದು ಯಾಕೆ ಅಂತ ಅವರಿಗೆ ಗೊತ್ತಿತ್ತು ಅಂತ ನನಗೆ ಅನ್ನಿಸುತ್ತದೆ. ಅವ್ವನಿಗೆ ಸಾಕು ಬಿಡು ಅಂತ ಹೇಳಲು ನನಗೆ ಮನಸ್ಸೇ ಬರಲಿಲ್ಲ. ಕೊನೆಗೆ ಅವರು ಎಲುಬಿನ ಹಂದರವಾಗಿ, ಆ ಜಗಲಿಯಲ್ಲೇ ಹೋದರು. ಅವ್ವ ಆವತ್ತು ಮಧ್ಯಾಹ್ನ ಹೊಟ್ಟೆ ತುಂಬ ಊಟ ಮಾಡಿದಳು.

ಈಗ ಅವರಲ್ಲಿ ಯಾರೂ ಇಲ್ಲ. ಮನೆಯಲ್ಲಿ ಎಲ್ಲರೂ ಮಲಗಿದ ಈ ಮಧ್ಯಾಹ್ನದಲ್ಲಿ ಕಿಟಕಿಯ ಪಕ್ಕ ಕೂತು ಇದನ್ನು ಬರೆಯುತ್ತಿದ್ದೇನೆ. ಕಣ್ಣು ಮುಚ್ಚಿದರೆ ದೊಡ್ಡಪ್ಪ ಕಾಣುತ್ತಾರೆ: ಹುಬ್ಬಿನ ಒಂದೊಂದು ಕೂದಲು, ನಶ್ಯದ ಕಲೆ, ಹೆಬ್ಬೆರಳಿನ ಸೀಳಿದ ಉಗುರು, ಎಲ್ಲ. ಸಣ್ಣಿಯ ಮುಖ ಬೇಕು ಅಂತ ಕೂರುತ್ತೇನೆ. ಫೋಟೋ ತೆಗೆಸುವುದು ನಮ್ಮಂಥವರ ಮನೆಯಲ್ಲಿ ಆಗ ಇರಲಿಲ್ಲ. ಬರುವುದು ಬಾತ ಮುಖ, ಬರೆ ಬಿದ್ದ ಕುತ್ತಿಗೆ. ಅದಕ್ಕೆ ಮುಂಚೆ ಅವಳು ನಮ್ಮ ಅಂಗಳದಲ್ಲಿ ವರ್ಷಗಟ್ಟಲೆ ಓಡಾಡಿಕೊಂಡಿದ್ದಳು. ಅವಳ ಮೂಗು ಹೇಗಿತ್ತು, ನಕ್ಕರೆ ಕೆನ್ನೆ ಹೇಗಾಗುತ್ತಿತ್ತು... ಎಷ್ಟು ಹುಡುಕಿದರೂ ಇಲ್ಲ. ನನ್ನ ತಂಗಿಗೆ ಒಂದು ಮುಖ ಇತ್ತು ಅಂತ ಹೇಳಬಲ್ಲ ಕೊನೆಯವಳು ನಾನು, ನನಗೇ ಅದು ನೆನಪಿಲ್ಲ.